ಬುತ್ತಿಯ ಗಂಟು ಮತ್ತು ಬಾಗಿಲ ಕಾವಲು

ಅಪರಿಚಿತರೊಬ್ಬರು ನಿಮ್ಮ ಕೈಚೀಲವನ್ನು ನಿಮ್ಮೆದುರಿಗೇ ತೆರೆದು, ಒಂದೊಂದೇ ವಸ್ತುವನ್ನು ಹೊರತೆಗೆದು ನೋಡುವಾಗ ನಿಮಗೆ ಏನೆನ್ನಿಸುತ್ತದೆ? ಕೆಲವರಿಗೆ ಸಿಟ್ಟು ಬರುತ್ತದೆ. ಕೆಲವರಿಗೆ ನಾಚಿಕೆಯಾಗುತ್ತದೆ. ಇನ್ನು ಕೆಲವರಿಗೆ, ಯಾವ ತಪ್ಪನ್ನೂ ಮಾಡದಿದ್ದರೂ, ಎದೆ ಡವಡವ ಹೊಡೆದುಕೊಳ್ಳುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂದು ಗಾದೆಯೇ ಇದೆಯಲ್ಲ! ತಪಾಸಣೆಯ ಸಾಲಿನಲ್ಲಿ ನಿಂತಾಗ ಕುಂಬಳಕಾಯಿ ಕದಿಯದವರೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ. ನಾನಾದರೋ ಆ ದಿನ ಕದ್ದವಳೇ ಆಗಿದ್ದೆ. ಕದ್ದದ್ದು ಬೇರೆಯವರ ವಸ್ತುವನ್ನಲ್ಲ, ನಮ್ಮದೇ ರೊಟ್ಟಿಯನ್ನು!

ಅದು 2023ರ ಡಿಸೆಂಬರ್ ತಿಂಗಳು. ಕ್ರಿಸ್ಮಸ್ ಹಬ್ಬ ಮುಗಿದು, ಮಕ್ಕಳಿಗೆ ಇನ್ನೂ ರಜೆಯಿದ್ದ ದಿನಗಳು. ಸುರಪುರ, ಶಹಾಪುರ, ಯಾದಗಿರಿಗಳ ಹನ್ನೆರಡು ಕುಟುಂಬಗಳು ಸೇರಿ ಒಂದು ಬಸ್ಸು ಗೊತ್ತುಮಾಡಿ, ಎರಡು ದಿನಗಳ ಪ್ರವಾಸಕ್ಕೆ ಹೈದರಾಬಾದಿಗೆ ಹೊರಟೆವು. ನಮ್ಮ ಕಡೆಯವರಿಗೆ ರಾಜಧಾನಿ ಬೆಂಗಳೂರಾದರೂ ಹತ್ತಿರದ ಮಹಾನಗರ ಹೈದರಾಬಾದೇ. 1948ರ ಸೆಪ್ಟೆಂಬರ್‌ವರೆಗೆ ನಮ್ಮ ಹಿರಿಯರು ಆ ಸಂಸ್ಥಾನದ ಪ್ರಜೆಗಳೇ ಆಗಿದ್ದರು. ದೊಡ್ಡ ಕಾಯಿಲೆ ಬಂದರೂ, ಮಗಳ ಮದುವೆಗೆ ಬಳೆ ಬೇಕಾದರೂ, ಮಳೆ ಕೈಕೊಟ್ಟ ವರ್ಷ ದುಡಿಮೆ ಅರಸಬೇಕಾದರೂ ಇಂದಿಗೂ ಅನೇಕರು ಹಿಡಿಯುವುದು ಅದೇ ದಾರಿಯನ್ನು. ಬಸ್ಸು ರಾತ್ರಿ ಸುರಪುರದಿಂದ ಹೊರಟು, ಶಹಾಪುರದಲ್ಲಿ ನಮ್ಮನ್ನು ಹತ್ತಿಸಿಕೊಂಡು, ಭೀಮಾ ನದಿಯ ಸೇತುವೆ ದಾಟಿ, ಯಾದಗಿರಿಯಲ್ಲಿ ಉಳಿದವರನ್ನು ಕೂಡಿಸಿಕೊಂಡು ಗುರುಮಠಕಲ್ ಮಾರ್ಗವಾಗಿ ತೆಲಂಗಾಣವನ್ನು ಪ್ರವೇಶಿಸಿತು.

ಪ್ರವಾಸವೆಂದ ಮೇಲೆ ಬುತ್ತಿಯಿಲ್ಲದೆ ಆದೀತೇ? ಕಟಕ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಮೊಸರು, ಸಜ್ಜೆ ರೊಟ್ಟಿ, ಮಕ್ಕಳಿಗಾಗಿ ಕರ್ಚಿಕಾಯಿ. ಸುರಪುರದಿಂದ ಬಂದಿದ್ದ ಎಪ್ಪತ್ತೈದರ ಅಜ್ಜಿಯೊಬ್ಬರು ಇಪ್ಪತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯುಳ್ಳವರು. ಹೊತ್ತಿಗೆ ಸರಿಯಾಗಿ ಎರಡು ರೊಟ್ಟಿ ಹೊಟ್ಟೆಗೆ ಬೀಳದಿದ್ದರೆ ಅವರಿಗೆ ಕಣ್ಣು ಕತ್ತಲೆಗೂಡುತ್ತದೆ. ಅವರ ರೊಟ್ಟಿಯ ಗಂಟಿನ ಜವಾಬ್ದಾರಿಯನ್ನು ನಾನು ವಹಿಸಿಕೊಂಡಿದ್ದೆ. ನನ್ನ ಕೈಹಿಡಿದು ನಡೆಯುತ್ತಿದ್ದವನು ನನ್ನ ತಮ್ಮನ ಮಗ, ಹತ್ತು ವರ್ಷದ ಪೋರ. ಅವನು ಓದುವ ಶಾಲೆಯಲ್ಲಿಯೇ ನಾನು ಶಿಕ್ಷಕಿ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮುಂದಿನ ಕಥೆಗೆ ಅದರ ಅಗತ್ಯವಿದೆ.

ಮೊದಲ ದಿನ ನಾವು ಹೋದದ್ದು ನಗರದ ಹೊರವಲಯದ ಒಂದು ದೊಡ್ಡ ಮನೋರಂಜನಾ ಉದ್ಯಾನಕ್ಕೆ. ಅದರ ಹೆಸರು ಇಲ್ಲಿ ಬೇಡ. ಟಿಕೆಟ್ ಪಡೆದು ಮುಂದೆ ಬಂದರೆ ಉದ್ದನೆಯ ಸಾಲು. ಸಾಲಿನ ಕೊನೆಗೆ ಬಾಗಿಲಿನಂಥ ಲೋಹಶೋಧಕ ಚೌಕಟ್ಟು, ಪಕ್ಕದಲ್ಲಿ ಚೀಲಗಳನ್ನು ತೆರೆದು ನೋಡುವ ಮೇಜು, ಹೆಂಗಸರಿಗಾಗಿ ಪರದೆ ಇಳಿಬಿಟ್ಟ ಸಣ್ಣ ಗೂಡು. ಮೇಲೊಂದು ಫಲಕ: ಚಾಕು, ಬೆಂಕಿಪೊಟ್ಟಣ, ತಂಬಾಕು, ಮದ್ಯ, ಹೊರಗಿನ ಆಹಾರ ಇವುಗಳಿಗೆ ಪ್ರವೇಶವಿಲ್ಲ. ಚಾಕು, ಬೆಂಕಿ, ಮದ್ಯಗಳ ಪಂಕ್ತಿಯಲ್ಲಿಯೇ ನಮ್ಮ ಜೋಳದ ರೊಟ್ಟಿಯೂ ಕುಳಿತಿತ್ತು!

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ರೊಟ್ಟಿಯ ಗಂಟನ್ನು ಚೀಲದ ತಳಕ್ಕೆ ತಳ್ಳಿ, ಮೇಲೆ ಎರಡು ಟವೆಲು, ಮಗುವಿನ ಅಂಗಿ ಚಡ್ಡಿಗಳನ್ನು ಹರಡಿದೆ. ಜೊತೆಯಲ್ಲಿದ್ದ ಹೆಣ್ಣುಮಕ್ಕಳಿಗೂ ಕನ್ನಡದಲ್ಲಿ ಗಟ್ಟಿಯಾಗಿಯೇ ಹೇಳಿದೆ: "ಎಲ್ಲಾರೂ ಬುತ್ತಿ ಕೆಳಗ ಹಾಕ್ರಿ, ಮ್ಯಾಲ ಅರಿವಿ ಇಡ್ರಿ. ಈಕಿಗೇನು ತಿಳೀತದ?" ಮೇಜಿನ ಬಳಿ ನೀಲಿ ಸಮವಸ್ತ್ರದ ತರುಣಿ ಹಿಂದಿಯಲ್ಲಿ ಕೇಳಿದಳು, ತಿನ್ನುವುದು ಏನಾದರೂ ಇದೆಯೇ ಎಂದು. ನಾನು ಹಿಂದಿಯಲ್ಲಿಯೇ ಉತ್ತರಿಸಿದೆ, ಏನೂ ಇಲ್ಲ, ಬರೀ ಬಟ್ಟೆ. ತಮ್ಮನ ಮಗ ನನ್ನ ಮುಖವನ್ನೇ ನೋಡುತ್ತಿದ್ದ.

ಆ ಹುಡುಗಿ ಚೀಲದೊಳಗೆ ಕೈಯಿಟ್ಟಳು. ಕೈ ನೇರವಾಗಿ ಟವೆಲಿನ ಕೆಳಕ್ಕೆ ಹೋಯಿತು. ಗಂಟನ್ನು ಹೊರತೆಗೆಯದೆ, ಅಲ್ಲಿಯೇ ಹಿಡಿದುಕೊಂಡು, ತಗ್ಗಿದ ದನಿಯಲ್ಲಿ, ಅಚ್ಚ ನಮ್ಮ ಕನ್ನಡದಲ್ಲಿ ಅಂದಳು: "ಅಕ್ಕಾರ, ನಮ್ಮೂರು ಕೃಷ್ಣಾ ಸ್ಟೇಷನ್ ಕಡೆ ಐತ್ರಿ. ನೀವು ಮಾತಾಡಿದ್ದೆಲ್ಲಾ ನನಗ ತಿಳದೈತಿ."

ಕೃಷ್ಣಾ ರೈಲು ನಿಲ್ದಾಣವಿರುವುದು ತೆಲಂಗಾಣದ ಗಡಿಯಂಚಿನಲ್ಲಿ, ಯಾದಗಿರಿ ಮತ್ತು ರಾಯಚೂರುಗಳ ನಡುವೆ. ಆ ಭಾಗದ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಮನೆಮಾತು. ಇದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಕಾವಲಿನವಳಿಗೂ ಒಂದು ಊರಿರುತ್ತದೆ, ಒಂದು ತಾಯಿನುಡಿ ಇರುತ್ತದೆ ಎಂಬುದು ಆ ಘಳಿಗೆಯಲ್ಲಿ ನನ್ನ ಬುದ್ಧಿಗೆ ಹೊಳೆದಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಸಾವರಿಸಿಕೊಂಡು, ಅಜ್ಜಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ರೊಟ್ಟಿ ಬೇಕು ಎಂದೆ. ವೈದ್ಯರ ಚೀಟಿಯನ್ನೂ ತೋರಿಸಿದೆ. ಅವಳು ಹೇಳಿದ ಮಾತನ್ನು ನಾನು ಇಂದಿಗೂ ಮರೆತಿಲ್ಲ: "ಇದನ್ನ ಮೊದಲ ಹೇಳಬೇಕಿತ್ತಲ್ರೀ ಅಕ್ಕಾರ. ಬ್ಯಾನಿ ಇದ್ದೋರಿಗೆ, ಸಣ್ಣ ಕೂಸಿಗೆ ನಮ್ಮ ಸಾಹೇಬ್ರು ಬಿಡ್ತಾರ. ಈಗ ಮುಚ್ಚಿಟ್ಟಿದ್ದು ಸಿಕ್ಕಮ್ಯಾಲ ನಾನು ಯಾವ ಮುಖ ಇಟಗೊಂಡು ಅವರನ್ನ ಕೇಳಲಿ?" ಆದರೂ ಹೋಗಿ ಕೇಳಿದಳು. ಅಜ್ಜಿಯ ಪಾಲಿನ ನಾಲ್ಕು ರೊಟ್ಟಿ ಒಳಗೆ ಹೋಗಲು ಒಪ್ಪಿಗೆ ಸಿಕ್ಕಿತು. ಉಳಿದ ಹನ್ನೊಂದು ಮನೆಗಳ ಬುತ್ತಿ ಬಸ್ಸಿಗೆ ಹಿಂದಿರುಗಿತು.

ಅಷ್ಟರಲ್ಲಿ ಚೌಕಟ್ಟು ಕಿರ್ ಎಂದು ಕೂಗತೊಡಗಿತು. ಅಜ್ಜಿ ಅದರೊಳಗೆ ನಿಂತಿದ್ದರು. ಇಂಥ ಚೌಕಟ್ಟಿನೊಳಗಿನ ತಂತಿಸುರುಳಿಗಳು ಸುತ್ತಲೂ ಒಂದು ವಿದ್ಯುತ್ಕಾಂತ ಕ್ಷೇತ್ರವನ್ನು ಹರಡಿರುತ್ತವೆ. ಲೋಹ ಹಾದುಹೋದರೆ ಆ ಕ್ಷೇತ್ರ ಕದಡುತ್ತದೆ, ಯಂತ್ರ ಕೂಗುತ್ತದೆ. ಅದಕ್ಕೆ ಲೋಹ ಗೊತ್ತು, ಮನುಷ್ಯರು ಗೊತ್ತಿಲ್ಲ. ಅಜ್ಜಿಯ ಎಲೆ ಅಡಿಕೆಯ ಸಂಚಿಯಿಂದ ಹೊರಬಂದದ್ದು ಅವರ ಅತ್ತೆಯ ಕಾಲದ ಅಡಕತ್ತರಿ. ಅದನ್ನು ಒಪ್ಪಿಸಿ, ಚೀಟಿ ಪಡೆದು, ಸಂಜೆ ಮರಳಿ ಪಡೆಯಬೇಕಾಯಿತು. "ನನ್ನ ಅಡಕತ್ತರಿಗೆ ಇಷ್ಟು ದೊಡ್ಡ ಜನ ಅಂಜಿದ್ರಲ್ಲವ್ವಾ" ಎಂದು ಅಜ್ಜಿ ನಕ್ಕರು. ಅಜ್ಜಿ ನಕ್ಕದ್ದರಿಂದ ನಮ್ಮೆಲ್ಲರ ಬಿಗುಮಾನ ಸ್ವಲ್ಪ ಸಡಿಲಾಯಿತು.

ಸಂಜೆ ಹೊರಬರುವಾಗ ಆ ಹುಡುಗಿ ಇನ್ನೂ ಅಲ್ಲಿಯೇ ನಿಂತಿದ್ದಳು. ಬೆಳಗಿನಿಂದಲೂ ನಿಂತೇ ಇದ್ದಳೆಂದು ಅವಳ ಕಾಲುಗಳೇ ಹೇಳುತ್ತಿದ್ದವು. ಅಜ್ಜಿ ಬಸ್ಸಿನಿಂದ ಎರಡು ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿಯನ್ನು ಕಾಗದದಲ್ಲಿ ಕಟ್ಟಿ ತಂದು ಅವಳ ಮುಂದೆ ಹಿಡಿದರು. ಅವಳ ಕಣ್ಣು ಅರಳಿತು, ಕೈ ಮಾತ್ರ ಮುಂದೆ ಬರಲಿಲ್ಲ. "ಬ್ಯಾಡ್ರೀ ಆಯೀ, ಸಂಜೀಕ ಮನೀಗಿ ಹೋಗಾಗ ನಮ್ಮ ಚೀಲಾನೂ ತಪಾಸ್ ಮಾಡ್ತಾರ. ಇದು ಎಲ್ಲಿಂದು ಅಂದ್ರ ಏನು ಹೇಳಲಿ?" ನಮ್ಮ ಚೀಲವನ್ನು ತೆರೆಸುವವಳ ಚೀಲವನ್ನೂ ತೆರೆಸುವವರಿದ್ದಾರೆ! ಈ ಸಂಗತಿಯನ್ನು ನಮ್ಮ ಬಸ್ಸಿನಲ್ಲಿ ಯಾರೂ ಊಹಿಸಿರಲಿಲ್ಲ.

ಆ ರಾತ್ರಿ ತಂಗಿದ್ದ ವಸತಿಗೃಹದ ಅಂಗಳದಲ್ಲಿ ಕುಳಿತು ಉಳಿದ ಬುತ್ತಿಯನ್ನು ಬಿಚ್ಚಿದೆವು. ಮಾತು ಸಹಜವಾಗಿಯೇ ಬೆಳಗಿನ ತಪಾಸಣೆಯತ್ತ ಹೊರಳಿತು. ಓದುಗರೇ, ಒಂದೇ ಬಾಗಿಲಿನಿಂದ ಒಳಹೋದ ನಾವೆಲ್ಲರೂ ಒಂದೇ ಅನುಭವವನ್ನು ಹೊತ್ತು ಬಂದಿರಲಿಲ್ಲ. ಅಲ್ಲಿ ಕೇಳಿದ ಅಭಿಪ್ರಾಯಗಳನ್ನು ನಿಮ್ಮ ಮುಂದಿಡುತ್ತೇನೆ. ಇವುಗಳಲ್ಲಿ ನಿಮ್ಮದು ಯಾವುದೆಂದು ನೀವೇ ನೋಡಿಕೊಳ್ಳಿ.

ಯಾದಗಿರಿಯ ನಿವೃತ್ತ ರೈಲ್ವೆ ನೌಕರರೊಬ್ಬರು ಅಂದರು: "ತಪಾಸಣೆ ಬೇಕೇ ಬೇಕು. ಇನ್ನೂ ಬಿಗಿಯಾಗಬೇಕು. ಯಾದಗಿರಿ ಕೋಟೆ ಹತ್ತಿ ನೋಡಿ, ಒಂದು ಬಾಗಿಲು ದಾಟಿದರೆ ಇನ್ನೊಂದು ಬಾಗಿಲು, ನೇರ ದಾರಿಯೇ ಇಲ್ಲ. ನಮ್ಮ ಹಿರಿಯರು ಹುಚ್ಚರಾಗಿದ್ದರೇನು?" ಸುರಪುರದ ತರುಣನೊಬ್ಬ ಕೂಡಲೇ ತನ್ನ ಊರಿನ ಹೆಮ್ಮೆಯನ್ನು ಸೇರಿಸಿದ: 1705ರಲ್ಲಿ ಔರಂಗಜೇಬನು ತನ್ನ ಬದುಕಿನ ಕೊನೆಯ ಮುತ್ತಿಗೆಯನ್ನು ಹಾಕಿದ್ದು ನಮ್ಮ ವಾಗಣಗೇರಾ ಕೋಟೆಗೆ, ಬಾಗಿಲು ಗಟ್ಟಿಯಿದ್ದುದರಿಂದಲೇ ಬೇಡರ ನಾಯಕರು ಅಷ್ಟು ದಿನ ತಡೆದು ನಿಂತರು ಎಂದು.

ಶಹಾಪುರದ ಕಿರಾಣಿ ವ್ಯಾಪಾರಿಯೊಬ್ಬರು ಒಪ್ಪಲಿಲ್ಲ. "ಅದು ಕಾವಲಲ್ಲರೀ, ವ್ಯಾಪಾರ. ನನ್ನ ಚೀಲದಾಗಿನ ರೊಟ್ಟಿ ಹೊರಗಿಟ್ಟರಷ್ಟೇ ಒಳಗಿನ ಅಂಗಡಿ ನಡೀತದ. ನಾನೂ ಅಂಗಡಿಯವನೇ, ನನಗೆ ತಿಳಿಯಂಗಿಲ್ಲೇನು?" ಎಂದರು. ಇಬ್ಬರು ಹೆಣ್ಣುಮಕ್ಕಳು ಪರದೆಯ ವಿಷಯ ಎತ್ತಿದರು. ಹೆಂಗಸನ್ನು ಹೆಂಗಸೇ ಪರೀಕ್ಷಿಸಿದ್ದು ಸರಿ, ಆದರೆ ಗಾಳಿಗೆ ಹಾರುವ ಆ ಪರದೆ ಎಂಥ ಮರೆ? ಎಂದು ಅವರ ಪ್ರಶ್ನೆ. ಬಂಧಿತಳಾದ ಸ್ತ್ರೀಯ ಅಂಗಶೋಧನೆಯನ್ನು ಸಹ ಸ್ತ್ರೀಯೇ, ಸಭ್ಯತೆಗೆ ಕುಂದು ಬಾರದಂತೆ ನಡೆಸಬೇಕೆಂದು ನಮ್ಮ ದಂಡ ಪ್ರಕ್ರಿಯೆಯ ಕಾನೂನು ಬಹು ಹಿಂದಿನಿಂದಲೂ ವಿಧಿಸಿದೆ. ಹಾಗಿರುವಾಗ ಟಿಕೆಟ್ ಕೊಂಡು ಬಂದ ಗೃಹಿಣಿಗೆ ಅದಕ್ಕಿಂತ ಕಡಿಮೆ ಮರ್ಯಾದೆ ಸಲ್ಲಬಾರದಷ್ಟೆ!

ಗಾರೆ ಕೆಲಸ ಮಾಡುವ ಸೋದರನೊಬ್ಬ ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಹೀಗೆಂದ: "ನನ್ನ ಮುಂದ ಬೂಟು ಹಾಕ್ಕೊಂಡ ಸಾಹೇಬ್ರು ಹೋದ್ರು, ಅವರ ಮೈ ಮುಟ್ಟಲಿಲ್ಲ. ನನ್ನ ಕಿಸೆ ಎರಡು ಸಲ ನೋಡಿದ್ರು." ಆಗ ನಮ್ಮ ಬಸ್ಸಿನ ಚಾಲಕರು, ಯಾದಗಿರಿಯ ಮುಸ್ಲಿಂ ಬಾಂಧವರು, ನಗುತ್ತಲೇ ಅಂದರು: "ನನಗ ಯಾವ ಗೇಟಿನ್ಯಾಗೂ ಹಂಗೇ. ನನ್ನ ಗಡ್ಡ ಮೊದಲು ಒಳಗ ಹೋಗ್ತದ, ನಾನು ಹಿಂದಿನಿಂದ ಹೋಗ್ತೀನಿ." ಎಲ್ಲರೂ ನಕ್ಕರು. ನಕ್ಕ ಮೇಲೆ ಯಾರಿಗೂ ಮುಂದೆ ಮಾತು ಹೊರಡಲಿಲ್ಲ.

ಕೊನೆಗೆ ಮಾತಾಡಿದವರು ಅಜ್ಜಿ. "ನಮ್ಮವ್ವ ಹೇಳತಿದ್ದಳು. ನಿಜಾಮನ ಕಾಲದಾಗ ತಾಳಿಕೋಟಿ ಇಂಗ್ರೇಜರ ಸೀಮಿ. ಅಲ್ಲಿಗೆ ಸಂತಿಗೆ ಹೋಗಿ ಬರಾಗ ಕರೋಡಗಿರಿ ನಾಕಾದಾಗ ಗಂಟು ಬಿಚ್ಚಿ ನೋಡತಿದ್ರಂತ. ಹೊಸ ಸೀರಿ ಇದ್ರ ರೊಕ್ಕ ಕೊಡಬೇಕು. ಅದಕ್ಕ ಹೆಂಗಸರು ಹೊಸ ಸೀರಿ ಉಟಗೊಂಡೇ ಬರತಿದ್ರಂತ, ಹಳೀದು ಗಂಟಿನ್ಯಾಗ!" ಕರೋಡಗಿರಿ ಎಂದರೆ ನಿಜಾಮ್ ಸಂಸ್ಥಾನದ ಸುಂಕದ ಇಲಾಖೆ. ಅಜ್ಜಿಯ ಈ ಮಾತು ಆಗ ನಮಗೆ ಬರೀ ಹಳೆಯ ಕಾಲದ ವಿನೋದವಾಗಿ ಕೇಳಿಸಿತು. ಅದರ ಅರ್ಥ ನನಗೆ ಹೊಳೆದದ್ದು ಮರುದಿನ, ಇನ್ನೊಂದು ಬಾಗಿಲಿನಲ್ಲಿ.

ಮರುದಿನ ನಾವು ಹುಸೇನ್ ಸಾಗರದ ದಂಡೆಯ ಲುಂಬಿನಿ ಪಾರ್ಕಿಗೆ ಹೋದೆವು. ಶಹಾಪುರದ ಬೆಟ್ಟದಲ್ಲಿ ಮಲಗಿದ ಬುದ್ಧನನ್ನು ದಿನವೂ ನೋಡುವ ನಮ್ಮ ಮಕ್ಕಳಿಗೆ ನೀರಿನ ನಡುವೆ ನಿಂತ ಬುದ್ಧನನ್ನು ತೋರಿಸುವ ಆಸೆ. ಅಲ್ಲಿಯೂ ಸಾಲು, ಅಲ್ಲಿಯೂ ಚೀಲಗಳ ಪರೀಕ್ಷೆ. ಈ ಸಲ ನನ್ನ ಚೀಲದಲ್ಲಿ ಮುಚ್ಚಿಡುವಂಥದು ಏನೂ ಇರಲಿಲ್ಲ. ಧೈರ್ಯವಾಗಿ ಮುಂದಿಟ್ಟೆ. ವಯಸ್ಸಾದ ಕಾವಲುಗಾರರು ಬಟ್ಟೆಗಳನ್ನು ಸರಿಸಿದರು. ಟವೆಲಿನ ಕೆಳಗಿಂದ ಅವರ ಕೈ ಒಂದು ಪಿಸ್ತೂಲನ್ನು ಹೊರತೆಗೆಯಿತು.

ಒಂದು ಕ್ಷಣ ಅವರ ಮುಖ ಬಿಳಿಚಿಕೊಂಡಿತು. ನನ್ನದೂ ಅಷ್ಟೇ. ಹಿಂದೆ ನಿಂತಿದ್ದ ತಾಯಿಯೊಬ್ಬಳು ತನ್ನ ಕೂಸನ್ನು ಎದೆಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಮರುಕ್ಷಣವೇ ತಿಳಿಯಿತು, ಅದು ಮಕ್ಕಳು ಹಬ್ಬದಲ್ಲಿ ಹೊಡೆಯುವ ರೀಲು ಪಿಸ್ತೂಲು. ಕಪ್ಪು ಬಣ್ಣದ, ನೋಡಲು ನಿಜವಾದದ್ದರಂತೆಯೇ ಇರುವ ಆಟಿಕೆ. ಇದನ್ನು ಯಾರಿಟ್ಟರು ಎಂದು ಅವರು ಕೇಳಿದರು. ನನ್ನ ತಮ್ಮನ ಮಗ ತಲೆ ತಗ್ಗಿಸಿದ. ಏಕೆ ಮುಚ್ಚಿಟ್ಟೆ ಎಂದು ನಾನು ಗದರಿದೆ. ಅವನು ಅಳುದನಿಯಲ್ಲಿ ಅಂದ: "ನಿನ್ನಿ ನೀನೂ ಹಿಂಗೇ ಇಟ್ಟಿದ್ದೆಲ್ಲಾ ಅತ್ತಿ."

ಓದುಗರೇ, ನನ್ನ ಇಪ್ಪತ್ತು ವರ್ಷಗಳ ಶಿಕ್ಷಕ ವೃತ್ತಿಯಲ್ಲಿ ಇಷ್ಟು ಬೇಗ, ಇಷ್ಟು ಚೆನ್ನಾಗಿ ಕಲಿತ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. ಪಾಠಕ್ಕೆ ಪುಸ್ತಕ ಬೇಕಿರಲಿಲ್ಲ, ಹಲಗೆ ಬೇಕಿರಲಿಲ್ಲ. ಎರಡು ಟವೆಲು, ಒಂದು ಸುಳ್ಳು ಸಾಕಾಗಿದ್ದವು.

ಆ ಹಿರಿಯರು ಬೈಯಲಿಲ್ಲ. ಹುಡುಗನನ್ನು ಹತ್ತಿರ ಕರೆದು, ದಖನಿ ಮಾತಿನಲ್ಲಿ ಮೆಲ್ಲನೆ ಏನೋ ಹೇಳಿ, ಆಟಿಕೆಯನ್ನು ತಮ್ಮ ಬಳಿ ಇಟ್ಟುಕೊಂಡು, ಹೋಗುವಾಗ ಕೊಡುತ್ತೇನೆಂದು ಕಳುಹಿಸಿದರು. ಅವರ ಮುಖ ಏಕೆ ಹಾಗೆ ಬಿಳಿಚಿಕೊಂಡಿತೆಂದು ನನಗೆ ಒಳಗೆ ಹೋಗಿ ಕುಳಿತ ಮೇಲೆ ನೆನಪಾಯಿತು. ಅದು 2007ರ ಆಗಸ್ಟ್ 25, ಶನಿವಾರ ಸಂಜೆ. ಇದೇ ಲುಂಬಿನಿ ಪಾರ್ಕಿನ ಬಯಲು ರಂಗಮಂದಿರದಲ್ಲಿ ಜನ ಲೇಸರ್ ಬೆಳಕಿನ ಪ್ರದರ್ಶನ ನೋಡುತ್ತಿದ್ದಾಗ ಬಾಂಬು ಸಿಡಿಯಿತು. ಕೆಲವೇ ನಿಮಿಷಗಳ ಅಂತರದಲ್ಲಿ ಕೋಠಿಯ ಗೋಕುಲ್ ಚಾಟ್ ಅಂಗಡಿಯಲ್ಲಿ ಮತ್ತೊಂದು. ಎರಡೂ ಕಡೆ ಸೇರಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮಹಾರಾಷ್ಟ್ರದಿಂದ ಅಧ್ಯಯನ ಪ್ರವಾಸಕ್ಕೆ ಬಂದಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಇದ್ದರು. ಅವರೂ ನಮ್ಮಂತೆಯೇ ಪ್ರವಾಸಕ್ಕೆ ಬಂದವರು. ಯಾರದೋ ಒಂದು ಚೀಲವನ್ನು ಯಾರೂ ತೆರೆದು ನೋಡಿರಲಿಲ್ಲ.

ಆಮೇಲೆಯೂ ಇಂಥವು ನಡೆದಿವೆ. 2010ರ ಏಪ್ರಿಲ್ 17ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕ್ರಿಕೆಟ್ ಪಂದ್ಯಕ್ಕೆ ಮುನ್ನ ಬಾಂಬು ಸಿಡಿಯಿತು. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಗಿರಾಕಿಯಂತೆ ಬಂದವನೊಬ್ಬ ಬಿಟ್ಟುಹೋದ ಚೀಲವೇ ಸಿಡಿದು ಊಟಕ್ಕೆ ಬಂದವರು ಗಾಯಗೊಂಡರು. ಈ ದಿನಾಂಕಗಳನ್ನು ನೆನೆದಾಗ ಬಾಗಿಲಿನ ಕಾವಲನ್ನು ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ರೊಟ್ಟಿಯನ್ನು ತಡೆದದ್ದೂ ಸರಿಯೇ? ಇಲ್ಲಿಯೇ ನನಗೆ ಅಜ್ಜಿಯ ಕರೋಡಗಿರಿ ನೆನಪಾಗುವುದು. ಕೋಟೆಯ ಬಾಗಿಲು ಬೇರೆ, ಸುಂಕದ ನಾಕಾ ಬೇರೆ. ಎರಡೂ ಕಡೆ ಗಂಟು ಬಿಚ್ಚಿಸುತ್ತಾರೆ, ಎರಡೂ ಕಡೆ ಸಮವಸ್ತ್ರದವರೇ ನಿಂತಿರುತ್ತಾರೆ. ಆದರೆ ಕೋಟೆಯ ಬಾಗಿಲಿನವನು ಕಾಯುವುದು ಒಳಗಿರುವವರ ಪ್ರಾಣವನ್ನು. ನಾಕಾದವನು ಕಾಯುವುದು ಬೊಕ್ಕಸವನ್ನು. ಇಂದಿನ ಮನೋರಂಜನಾ ಉದ್ಯಾನಗಳ ಬಾಗಿಲಿನಲ್ಲಿ ಈ ಎರಡೂ ಕೆಲಸಗಳನ್ನು ಒಂದೇ ಕೈಗೆ ಒಪ್ಪಿಸಿದ್ದಾರೆ. ಬಾಂಬು ಹುಡುಕುವ ಕೈಯೇ ಬುತ್ತಿಯನ್ನೂ ಹುಡುಕುತ್ತದೆ. ಇದರಿಂದ ಆಗುವ ಹಾನಿ ಏನು ಗೊತ್ತೇ? ಬುತ್ತಿಯ ಮೇಲಿನ ನಮ್ಮ ಸಿಟ್ಟು ಬಾಂಬು ಹುಡುಕುವ ಕೆಲಸದ ಮೇಲೂ ಬೀಳುತ್ತದೆ. ರೊಟ್ಟಿ ಮುಚ್ಚಿಡಲು ಕಲಿತವರು ತಪಾಸಣೆಯೆಂದರೆ ಕಣ್ಣು ತಪ್ಪಿಸುವ ಆಟವೆಂದು ತಿಳಿಯುತ್ತಾರೆ. ಕಾವಲಿನವರೂ ಅಷ್ಟೇ, ದಿನವಿಡೀ ಚಕ್ಕುಲಿ, ಚೂಡಾ ಹುಡುಕಿ ದಣಿದ ಕಣ್ಣು ನಿಜವಾದ ಅಪಾಯವನ್ನು ಕಾಣದೆ ಹೋಗಬಹುದು.

ಎರಡನ್ನೂ ಬೇರ್ಪಡಿಸಲು ಸಾಧ್ಯವಿಲ್ಲವೇ? ಅಮೆರಿಕದ ಡಿಸ್ನಿ ಉದ್ಯಾನಗಳನ್ನು ನೋಡಿ. 2015ರ ಡಿಸೆಂಬರ್‌ನಲ್ಲಿ ಅವುಗಳ ದ್ವಾರಗಳಲ್ಲಿ ಲೋಹಶೋಧಕಗಳನ್ನು ಇರಿಸಿದರು. ಆಟಿಕೆ ಬಂದೂಕುಗಳನ್ನು ಕೂಡ ನಿಷೇಧಿಸಿದರು. ಆದರೆ ಗಾಜಿನ ಪಾತ್ರೆಯಿಲ್ಲದೆ ತಂದ ಮನೆಯ ತಿಂಡಿಯನ್ನು ಅಲ್ಲಿ ಒಳಗೆ ಒಯ್ಯಲು ಬಿಡುತ್ತಾರೆ. ಅಷ್ಟು ಬಿಗಿಯಾದ ಬಾಗಿಲು ಬುತ್ತಿಗೆ ಅಂಜಲಿಲ್ಲ! ನಮ್ಮ ದೇಶದಲ್ಲಿ ಇಂಥ ಪ್ರಶ್ನೆ ಚಲನಚಿತ್ರ ಮಂದಿರಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿತ್ತು. 2023ರ ಜನವರಿ 3ರಂದು ನ್ಯಾಯಾಲಯವು, ಚಿತ್ರಮಂದಿರ ಮಾಲೀಕರ ಖಾಸಗಿ ಆಸ್ತಿಯಾದ್ದರಿಂದ ಹೊರಗಿನ ಆಹಾರ ತರಬಾರದೆಂದು ಷರತ್ತು ಹಾಕುವ ಹಕ್ಕು ಅವರಿಗಿದೆ ಎಂದಿತು. ಜೊತೆಗೆ, ಶುದ್ಧ ಕುಡಿಯುವ ನೀರನ್ನು ಉಚಿತವಾಗಿ ಕೊಡಬೇಕು, ಹಸುಗೂಸುಗಳ ಆಹಾರಕ್ಕೆ ಅಡ್ಡಿಪಡಿಸಬಾರದು ಎಂದೂ ಹೇಳಿತು. ಅದು ಚಿತ್ರಮಂದಿರಗಳಿಗೆ ಸಂಬಂಧಿಸಿದ ತೀರ್ಪು. ಆದರೂ ಅದರ ಹಿಂದಿನ ವಿವೇಕ ಎಲ್ಲ ಬಾಗಿಲುಗಳಿಗೂ ಒಪ್ಪುವಂಥದು. ವ್ಯಾಪಾರಕ್ಕೆ ನಿಯಮವಿರಲಿ, ಆದರೆ ನೀರು, ಕೂಸು, ರೋಗಿ ಇವರ ಮುಂದೆ ಆ ನಿಯಮ ತಲೆಬಾಗಲಿ. ನಮ್ಮ ಕಿರಾಣಿ ವ್ಯಾಪಾರಿ ಸೋದರರು ಹೇಳಿದ್ದು ಸುಳ್ಳಲ್ಲ. ಅದನ್ನು ಹೇಳಬೇಕಾದದ್ದು ಮಾತ್ರ ಆಡಳಿತದವರಿಗೆ, ಪತ್ರದ ಮೂಲಕ, ನಿಮ್ಮ ಹೆಸರು ಹಾಕಿ. ಬಿಸಿಲಲ್ಲಿ ನಿಂತ ಆ ಹುಡುಗಿಗೆ ಅಲ್ಲ.

ಬಾಗಿಲು ನಡೆಸುವವರಿಗೂ ಒಂದು ಮಾತು ಸಲ್ಲಬೇಕು. ಕಾವಲಿಲ್ಲದ ಬಾಗಿಲು ಅಪಾಯಕಾರಿ, ನಿಜ. ಇಕ್ಕಟ್ಟಾದ ಬಾಗಿಲೂ ಅಷ್ಟೇ ಅಪಾಯಕಾರಿ. 2025ರ ಜೂನ್ 4ರಂದು ಅದೇ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಜಯೋತ್ಸವಕ್ಕೆ ಬಂದ ಜನ ದ್ವಾರಗಳ ಬಳಿ ನೂಕುನುಗ್ಗಲಿಗೆ ಸಿಕ್ಕು 11 ಮಂದಿ ಪ್ರಾಣ ಬಿಟ್ಟರು. ಬಾಗಿಲು ಜನರನ್ನು ಕಾಯಬೇಕಾದರೆ, ಬಾಗಿಲಿನ ಮುಂದೆ ನಿಂತ ಜನರನ್ನೂ ಕಾಯಬೇಕು. ಹಾಗೆಯೇ, 2005ರ ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣ ಕಾಯ್ದೆಯು ಕಾವಲುಗಾರರಿಗೆ ತರಬೇತಿ ಕಡ್ಡಾಯವೆಂದು ಹೇಳುತ್ತದೆ. ಆ ತರಬೇತಿಯಲ್ಲಿ ಬೂಟಿಗೂ ಚಪ್ಪಲಿಗೂ, ಗಡ್ಡಕ್ಕೂ ಬೋಳು ಗಲ್ಲಕ್ಕೂ ಒಂದೇ ಅಳತೆಯೆಂಬ ಪಾಠವೂ ಇರಬೇಕಲ್ಲವೇ? ಎಲ್ಲರನ್ನೂ ಒಂದೇ ಬಗೆಯಾಗಿ ತಪಾಸಿಸಿದರೆ ಯಾರಿಗೂ ಅವಮಾನವಿಲ್ಲ. ಕೆಲವರನ್ನೇ ಆರಿಸಿ ತಪಾಸಿಸಿದರೆ ಅವಮಾನವೂ ಆಯಿತು, ಉಳಿದವರ ಚೀಲ ನೋಡದೆ ಬಿಟ್ಟ ಅಪಾಯವೂ ಉಳಿಯಿತು. ನಮ್ಮ ಗಾರೆ ಕೆಲಸದ ಸೋದರನೂ ಬಸ್ಸಿನ ಚಾಲಕರೂ ಆ ರಾತ್ರಿ ಹೇಳಿದ್ದನ್ನು ನಾವು ನಕ್ಕು ಮರೆತರೆ ಆ ಬುತ್ತಿಯನ್ನು ಅವರೊಡನೆ ಹಂಚಿಕೊಂಡದ್ದಕ್ಕೆ ಅರ್ಥವಿಲ್ಲ.

ಇನ್ನು ನಮ್ಮ ಪಾಲಿನ ಕರ್ತವ್ಯ. ಹೊರಡುವ ಮುನ್ನವೇ ಅಲ್ಲಿನ ನಿಯಮಗಳನ್ನು ವಿಚಾರಿಸಿಕೊಳ್ಳೋಣ. ಅಡಕತ್ತರಿ, ಚಾಕು, ಬೆಂಕಿಪೊಟ್ಟಣಗಳನ್ನು ಬಸ್ಸಿನಲ್ಲಿಯೇ ಬಿಡೋಣ. ರೋಗಿಗಳಿದ್ದರೆ ಔಷಧದ ಜೊತೆ ವೈದ್ಯರ ಚೀಟಿಯನ್ನು ಕೈಯಲ್ಲಿಯೇ ಹಿಡಿದು, ಕೇಳುವ ಮುನ್ನವೇ ಹೇಳೋಣ. ಪರದೆ ಸರಿಯಿಲ್ಲದಿದ್ದರೆ ಮರೆಯಾದ ಸ್ಥಳ ಬೇಕೆಂದು ವಿನಯದಿಂದ, ಆದರೆ ಅಂಜದೆ ಕೇಳೋಣ. ಚೀಲವನ್ನು ಮರಳಿ ಕೊಡುವವರಿಗೆ ಒಂದು ವಂದನೆ ಹೇಳಲು ಹಣ ಬೇಕಿಲ್ಲ.

ಇದ್ದದ್ದು ಇದ್ದಂತೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆಯನ್ನು ನಾವು ಬಹಳ ನೆಚ್ಚಿಕೊಂಡಿದ್ದೇವೆ. ನಾನೂ ನೆಚ್ಚಿಕೊಂಡಿದ್ದೆ. ಆದರೆ ಆ ದಿನ ಇದ್ದದ್ದನ್ನು ಇದ್ದಂತೆ ಹೇಳಿದ್ದರೆ ಅಜ್ಜಿಯ ರೊಟ್ಟಿ ಮರ್ಯಾದೆಯಿಂದಲೇ ಒಳಗೆ ಹೋಗುತ್ತಿತ್ತು. ಒದೆಯುವವರು ಅಲ್ಲಿ ಯಾರೂ ಇರಲಿಲ್ಲ. ಕೃಷ್ಣಾ ತೀರದ ಒಬ್ಬ ದಣಿದ ಹೆಣ್ಣುಮಗಳಿದ್ದಳು, ಅಷ್ಟೇ.

ಲುಂಬಿನಿ ಪಾರ್ಕಿನಿಂದ ಹೊರಬರುವಾಗ ಆ ಹಿರಿಯ ಕಾವಲುಗಾರರು ಮಾತಿನಂತೆ ಆಟಿಕೆಯನ್ನು ಹಿಂದಿರುಗಿಸಿದರು. ಹುಡುಗ ಅದನ್ನು ಚೀಲಕ್ಕೆ ಹಾಕಲಿಲ್ಲ, ಎಲ್ಲರಿಗೂ ಕಾಣುವಂತೆ ಕೈಯಲ್ಲಿಯೂ ಹಿಡಿಯಲಿಲ್ಲ. ನನ್ನ ಕೈಗೆ ಕೊಟ್ಟು, "ನೀನೇ ಇಟಗೋ ಅತ್ತಿ" ಎಂದ. ಅದು ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ. ಮುಂದಿನ ಬೇಸಿಗೆಯಲ್ಲಿ ನಾವಿಬ್ಬರೂ ರೈಲಿನಲ್ಲಿ ಹೊರಟಾಗ ಯಾದಗಿರಿ ನಿಲ್ದಾಣದಲ್ಲಿ ಪೊಲೀಸರೊಬ್ಬರು ಚೀಲದಲ್ಲಿ ಏನಿದೆ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವನು ಉತ್ತರಿಸಿದ: "ಎರಡು ಜೋಡಿ ಅರಿವಿ, ಹತ್ತು ರೊಟ್ಟಿ, ಶೇಂಗಾ ಚಟ್ನಿ. ತೆಗದು ತೋರಿಸಲ್ರೀ?" ಪೊಲೀಸರು ನಕ್ಕು, ಬೇಡವೆಂದು ಕೈಯಾಡಿಸಿ ಮುಂದಕ್ಕೆ ಹೋದರು.